ಇಂದಿನ ಧಮ್ಮಚಿಂತನೆ: ಮರಳುದಿಬ್ಬ



"ಎಲ್ಲವೂ ಅನಿಚ್ಚ ಅಂದಮೇಲೆ ಯಾವುದನ್ನಾದರೂ ಕಾಪಾಡುವುದೇಕೆ?" ಕಳೆದ ಭಾನುವಾರ ಒಬ್ಬರು ಕೇಳಿದ ಈ ಪ್ರಶ್ನೆಗೆ ನನಗೆ ಹೊಳೆದದ್ದು ನಮ್ಮ ಕರಾವಳಿಯ ಮರಳುದಿಬ್ಬ.

ನದಿ ತಂದ ಮರಳನ್ನು ಅಲೆ ದಡಕ್ಕೆ ಹಾಕುತ್ತದೆ. ಬಿಸಿಲಿಗೆ ಒಣಗಿದ ಕಣಗಳು ಗಾಳಿಗೆ ಕುಪ್ಪಳಿಸುತ್ತಾ ಹೋಗಿ, ಕಸಕಡ್ಡಿಯೋ ತೆಂಗಿನ ಸಿಪ್ಪೆಯೋ ಅಡ್ಡ ಸಿಕ್ಕಲ್ಲಿ ನಿಲ್ಲುತ್ತವೆ. ಅಲ್ಲಿ ರಾವಣನ ಮೀಸೆ ಹುಲ್ಲು ಬೇರೂರುತ್ತದೆ, ಆಡಿನ ಗೊರಸಿನಂಥ ಎಲೆಯ, ನೇರಳೆ ಹೂವಿನ ಬಳ್ಳಿ ಹಬ್ಬುತ್ತದೆ. ಮರಳು ಮುಚ್ಚಿದರೂ ಬಳ್ಳಿ ಸಾಯುವುದಿಲ್ಲ. ಹೂತ ಗೆಣ್ಣುಗಳಲ್ಲೇ ಬೇರು ಬಿಟ್ಟು ಮೇಲೇಳುತ್ತದೆ, ಎದ್ದಷ್ಟೂ ಇನ್ನಷ್ಟು ಮರಳು ಹಿಡಿಯುತ್ತದೆ. ಬಳ್ಳಿಯಿಂದ ದಿಬ್ಬವೋ, ದಿಬ್ಬದಿಂದ ಬಳ್ಳಿಯೋ? ಪಟಿಚ್ಚಸಮುಪ್ಪಾದವನ್ನು ಮಕ್ಕಳಿಗೆ ಹೇಳಬೇಕಾಗಿ ಬಂದರೆ ಕಪ್ಪುಹಲಗೆಯ ಮೇಲೆ ನಾನು ಇದನ್ನೇ ಬರೆದೇನು. ಒಳಬದಿಯ ಹಳೆಯ ದಿಬ್ಬಗಳಲ್ಲಿ, ತಲೆಮಾರುಗಳು ಕಳೆದು, ಎಲೆ ಕೊಳೆತು ಮಣ್ಣಾಗಿ ಪೊದೆ, ಮರಗಳೂ ಬರುತ್ತವೆ.

ಇಂಥದ್ದನ್ನು 'ಸ್ಥಿರ' ದಿಬ್ಬ ಎನ್ನುತ್ತಾರೆ. ಆದರೂ ಮಳೆಗಾಲದ ಅಲೆ ಕಡಲಬದಿಯ ಸಾಲನ್ನು ಕೊರೆದು ಒಯ್ಯುತ್ತದೆ, ಮಳೆ ನಿಂತಮೇಲೆ ಮರಳು ಮರಳುತ್ತದೆ (ಪದದಾಟ ನನ್ನದಲ್ಲ, ಕನ್ನಡದ್ದು!). ಕಾರಣಗಳು ಮುಂದುವರಿಯುವವರೆಗೆ ದಿಬ್ಬ ಉಂಟು. ಅನಿಚ್ಚ ಎಂದರೆ 'ಹೇಗೂ ಹೋಗುತ್ತದೆ, ಬಿಡಿ' ಎಂಬ ಅರ್ಥ ನನಗೆ ಒಪ್ಪಿಗೆಯಿಲ್ಲ. ಇರವು ಕಾರಣಗಳಿಗೆ ಕಟ್ಟುಬಿದ್ದಿದ್ದರೆ ನಮ್ಮ ಕಾಲೂ ಒಂದು ಕಾರಣವೇ ತಾನೆ? ದಿನವೂ ಅದೇ ಜಾಗದಲ್ಲಿ ಬಳ್ಳಿ ತುಳಿದು ದಾರಿ ಮಾಡಿದರೆ, ಆ ಬೋಳು ಜಾಗಕ್ಕೆ ಗಾಳಿ ನುಗ್ಗಿ ದಿಬ್ಬವನ್ನೇ ತೋಡುತ್ತದೆ. ಅದರ ಹಿಂದೆ ಗದ್ದೆಗಳಿವೆ, ಸಿಹಿನೀರಿನ ಬಾವಿಗಳಿವೆ.

ಭವತು ಸಬ್ಬ ಮಂಗಲಂ 🙏