ತಂತಿಯಿಲ್ಲದೆ ಬಂದ ಮಾತು ಪ್ರಮಾಣವೇ?

ಮತ್ತೊಬ್ಬರು ಹೇಳಿದ್ದರಿಂದ ನಮಗೆ ಆಗುವುದು ಜ್ಞಾನವೋ ಬರೀ ನಂಬಿಕೆಯೋ? ಚಾರ್ವಾಕರು ಜ್ಞಾನದ ಸಾಧನವಾಗಿ, ಅಂದರೆ ಪ್ರಮಾಣವಾಗಿ, ಪ್ರತ್ಯಕ್ಷವೊಂದನ್ನೇ ಒಪ್ಪಿದರು. ವೈಶೇಷಿಕರೂ ಬೌದ್ಧ ತಾರ್ಕಿಕ ದಿಙ್ನಾಗನೂ ಶಬ್ದವನ್ನು, ಅಂದರೆ ಮತ್ತೊಬ್ಬರ ಮಾತನ್ನು, ಅನುಮಾನದೊಳಗೆ (ತರ್ಕದಿಂದ ಊಹಿಸಿ ತಿಳಿಯುವುದರೊಳಗೆ) ಸೇರಿಸಿಬಿಟ್ಟರು. ಆಪ್ತನ, ಅಂದರೆ ನಂಬಲರ್ಹನಾದವನ, ಮಾತು ಸ್ವತಂತ್ರ ಪ್ರಮಾಣವೆಂದು ಹಿಡಿದು ನಿಂತವರು ನೈಯಾಯಿಕರು. ಆಪ್ತನ ಲಕ್ಷಣ ಋಷಿಗೂ ಮ್ಲೇಚ್ಛನಿಗೂ ಒಂದೇ ಎಂದ ನ್ಯಾಯ ಭಾಷ್ಯಕಾರ ವಾತ್ಸ್ಯಾಯನನ ಔದಾರ್ಯ ದೊಡ್ಡದು. ನಾನು ನೈಯಾಯಿಕರ ಪಕ್ಷ. ನನ್ನ ಸಾಕ್ಷಿ ಇರುವುದು ವಿದ್ಯುತ್ ಕಂಬದ ಮೇಲೆ.

11 ಕೆವಿ ಫೀಡರ್ ಮುಟ್ಟುವ ಮೊದಲು ಲೈನ್‌ಮನ್ ಸಬ್‌ಸ್ಟೇಷನ್ನಿನಿಂದ ಎಲ್‌ಸಿ, ಅಂದರೆ ಲೈನ್ ಬಂದ್ ಆಗಿದೆ, ಕೆಲಸ ಮಾಡಬಹುದು ಎಂಬ ‘ಲೈನ್ ಕ್ಲಿಯರ್’ ಅನುಮತಿ, ಪಡೆಯಬೇಕು. ಕ್ರಮಬದ್ಧವಾದ ವಾಕಿಟಾಕಿ ಸಂಭಾಷಣೆಯಲ್ಲಿ ಆಪರೇಟರ್ ಹೇಳಿದ್ದನ್ನು ಕೇಳಿದವನು ತಿರುಗಿ ಹೇಳುತ್ತಾನೆ. ಹೇಳಿದವನು ಸರಿಯೆಂದ ಮೇಲೆಯೇ ಕೆಲಸ. 2003ರ ಆಗಸ್ಟ್ 14ರಂದು ಅಮೆರಿಕ ಮತ್ತು ಕೆನಡಾಗಳಲ್ಲಿ ಸುಮಾರು 5 ಕೋಟಿ ಜನರಿಗೆ ವಿದ್ಯುತ್ ಹೋದಾಗ, ತನಿಖೆ ನಡೆಸಿದವರು ಕಂಟ್ರೋಲ್ ರೂಮುಗಳ ಮಾತುಕತೆಯನ್ನು ಬಿಗಿಗೊಳಿಸಬೇಕೆಂದು ಶಿಫಾರಸು ಮಾಡಿದರು. ಈಗ ಅಲ್ಲಿನ ಗ್ರಿಡ್ ನಿಯಮಗಳಲ್ಲಿ ಈ ಮೂರು ಹಂತ ಕಡ್ಡಾಯ. ತಿರುಗಿ ಹೇಳುವುದು ಹೇಳಿದವನ ಮೇಲಿನ ಸಂಶಯವಲ್ಲ. ಅವನು ಪೂರ್ತಿ ಪ್ರಾಮಾಣಿಕನೇ ಇರಬಹುದು. ವಾಕಿಟಾಕಿಯ ಗುಂಡಿಯನ್ನು ಒಂದು ಕ್ಷಣ ಬೇಗ ಬಿಟ್ಟರೆ ಮಾತಿನ ಬಾಲ ಕತ್ತರಿಸಿಹೋಗುತ್ತದೆ. ಕನ್ನಡದಲ್ಲಿ ನಿಷೇಧ ಕೂರುವುದೇ ಆ ಬಾಲದಲ್ಲಿ. ‘ಲೈನ್ ಚಾರ್ಜ್ ಮಾಡ್ಬೇಡಿ’ ಎಂದದ್ದರಲ್ಲಿ ‘ಲೈನ್ ಚಾರ್ಜ್ ಮಾಡ್...’ ಅಷ್ಟೇ ಆ ಕಡೆ ತಲುಪಿದರೆ ಜೀವ ಹೋಗಬಹುದು. ನೈಯಾಯಿಕರು ಭಾರವನ್ನು ಹೆಚ್ಚಾಗಿ ಹೇಳುವವನ ಗುಣದ ಮೇಲೆ ಇಟ್ಟರು. ಶಬ್ದ ಪ್ರಮಾಣವಾಗುವುದರಲ್ಲಿ ಕೇಳುವವನ ಪಾಲೂ ಇದೆ ಎಂಬುದನ್ನು ಈ ಪದ್ಧತಿ ಕಾಣಿಸುತ್ತದೆ.

ತಿರುಗಿ ಹೇಳಿದ್ದೂ ತಪ್ಪಾಗಿ ಕೇಳಿಸಬಹುದಲ್ಲ, ಅದಕ್ಕೆ ಇನ್ನೊಂದು ಖಾತರಿ ಬೇಕಲ್ಲ, ಇದು ಅನವಸ್ಥೆ, ಅಂದರೆ ಕೊನೆಯಿಲ್ಲದ ಸರಪಳಿ, ಅಲ್ಲವೇ ಎಂಬ ಆಕ್ಷೇಪ ಸಹಜ. ಹೌದು, ಸಂಪೂರ್ಣ ನಿಶ್ಚಯ ಇಲ್ಲಿ ಸಿಗುವುದಿಲ್ಲ. ಆದರೆ ‘ಸರಿ’ ಕೇಳಿಸದಿದ್ದರೆ ತಂತಿ ಮುಟ್ಟುವಂತಿಲ್ಲ. ಮೌನಕ್ಕೆ ಇರುವ ಅರ್ಥ ಒಂದೇ, ಕೆಲಸ ಬೇಡ. ಸರಪಳಿ ಅಲ್ಲಿಗೆ ನಿಲ್ಲುತ್ತದೆ.

ಇದಕ್ಕಿಂತ ಗಂಭೀರವಾದ ಆಕ್ಷೇಪ ಬೇರೆ. ಎಲ್‌ಸಿ ಸಿಕ್ಕ ಮೇಲೂ ಲೈನ್‌ಮನ್ ವೋಲ್ಟೇಜ್ ಡಿಟೆಕ್ಟರ್ ಹಿಡಿದು ನೋಡಬೇಕು, ಎರಡೂ ಕಡೆ ಅರ್ಥಿಂಗ್ ಮಾಡಬೇಕು. ಹಾಗಾದರೆ ಕೊನೆಗೆ ಗೆದ್ದದ್ದು ಪ್ರತ್ಯಕ್ಷವೇ ಅಲ್ಲವೇ? ಅಲ್ಲ. ಡಿಟೆಕ್ಟರ್ ಹೇಳುವುದು ಈ ಗಳಿಗೆಯಲ್ಲಿ ಕರೆಂಟ್ ಇಲ್ಲವೆಂದು ಮಾತ್ರ. ಅರ್ಥಿಂಗ್ ತಪ್ಪು ನಡೆದಾಗ ಕಾಯುತ್ತದೆ. ತಪ್ಪು ನಡೆಯದೆಂದು ಅದು ತಿಳಿಸದು. ಎಲ್‌ಸಿ ಪಡೆದವನೇ ವಾಪಸು ಕೊಡುವ ತನಕ ಬ್ರೇಕರ್ ಹಾಕುವುದಿಲ್ಲ ಎಂಬುದನ್ನು ತಿಳಿಸುವ ಮೀಟರ್ ಯಾವುದೂ ಇಲ್ಲ. ಅನುಮಾನವೂ ಇಲ್ಲಿ ಸಾಲದು, ಏಕೆಂದರೆ ಆಪರೇಟರ್ ತನ್ನ ಮುಂದಿನ ನಡತೆಯ ಬಗ್ಗೆ ಭವಿಷ್ಯ ನುಡಿಯುತ್ತಿಲ್ಲ, ಮಾತು ಕೊಡುತ್ತಿದ್ದಾನೆ. ಆ ಮಾತಿನಿಂದಲೇ ತಿಳಿಯಬೇಕಾದದ್ದು ಅದು.

ವಿದ್ಯುತ್ ಸರಬರಾಜು ಕಂಪನಿಗಳಾದ ಎಸ್ಕಾಂಗಳ ತರಬೇತಿಯಲ್ಲಿ ಕೈಗವಸು, ಸೇಫ್ಟಿ ಬೆಲ್ಟಿಗೆ ಸಿಗುವಷ್ಟೇ ಸಮಯ ಈ ತಿರುಗಿ ಹೇಳುವ ಅಭ್ಯಾಸಕ್ಕೂ ಸಿಗಲಿ, ಅದೂ ಗೊತ್ತುಪಡಿಸಿದ ಕನ್ನಡ ವಾಕ್ಯಗಳಲ್ಲಿ.