ಡಬ್ಬಿಯ ಮೇಲಿನ ಮೆಟ್ಟು

ಅರಸೀಕೆರೆಯಲ್ಲಿರುವ ನನ್ನ ತಮ್ಮನ ಮಗಳು ಚಿತ್ರ ಬರೆದು ಹೊಟ್ಟೆ ಹೊರೆಯುತ್ತಾಳೆ. ಪೌಡರ್ ಡಬ್ಬಿಗಳ ಮೇಲಿನ ಚಿತ್ರ, ಮೈತುಂಬ ಮುಚ್ಚುವ ಉಡುಪು, ತಲೆವಸ್ತ್ರಗಳ ಮೇಲಿನ ಚಿತ್ತಾರ. ಮೊನ್ನೆ ಬೇಲೂರಿನ ದರ್ಪಣ ಸುಂದರಿಯನ್ನು ಡಬ್ಬಿಯ ಅಳತೆಗೆ ಇಳಿಸಿ ತಂದು, 'ದೊಡ್ಡಪ್ಪ, ಇದನ್ನ ಬಳಸ್ಕೊಳ್ಳೋದು ತಪ್ಪಾ?' ಅಂದಳು. ಕೆಳಗೆ 'ನಮ್ಮ ಸಂಸ್ಕೃತಿ' ಎಂದು ಹಾಕಬೇಕೆಂದು ಕೊಳ್ಳುವವರು ಹೇಳಿದ್ದಾರಂತೆ.

ತಪ್ಪಲ್ಲ ಕಣವ್ವ ಅಂದೆ. ಆ ಗುಡಿ ಬಳಪದ ಕಲ್ಲಿನದು. ಪೌಡರಿನ ಟಾಲ್ಕ್ ಕೂಡ ಅದೇ ಬಳಗದ ಕಲ್ಲಿನ ಹುಡಿ. ಕಲ್ಲಿಗೆ ಮಡಿ-ಮೈಲಿಗೆ ಇಲ್ಲ. ನನ್ನ ಗಂಟಲಲ್ಲಿ ಸಿಕ್ಕಿಕೊಂಡದ್ದು ಆ 'ನಮ್ಮ' ಅನ್ನುವ ಮಾತು.

1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ ಅದು. ಅಲ್ಲಿನ ಮದನಿಕೆಯರ ಅಡಿಯಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರನ್ನು ಬಿರುದು ಸಮೇತ ಕೊರೆದಿದ್ದಾರೆ. ಡಬ್ಬಿಯ ಮೇಲೆ ಕಂಪನಿಯ ಹೆಸರು ಮಾತ್ರ. ದಾಸೋಜನೂ ಇಲ್ಲ, ಈ ಹುಡುಗಿಯೂ ಇಲ್ಲ.

ಆ ಗುಡಿಗೆ ಇನ್ನೊಂದು ಕೈಕೆಲಸವೂ ಸಲ್ಲುತ್ತಿತ್ತು. ಹತ್ತೊಂಬತ್ತನೆಯ ಶತಮಾನದ ಮೈಸೂರು ಗ್ಯಾಸೆಟಿಯರ್‌ನಲ್ಲಿ ಬಿ. ಎಲ್. ರೈಸ್ ಬರೆದಿಟ್ಟಿದ್ದಾನೆ: ಬೇಲೂರಿನ ದೇವರು ಮೆಟ್ಟು ಮೆಟ್ಟಿಕೊಂಡು ಬಾಬಾಬುಡನ್‌ಗಿರಿಯ ದೇವಿಯನ್ನು ಕಾಣಲು ಹೋಗುತ್ತಾನಂತೆ. ಮೆಟ್ಟು ಸವೆದರೆ ಚನ್ನಗಿರಿ, ಬಸವಾಪಟ್ಟಣದ ಮಾದಿಗರ ಕನಸಿಗೆ ಬರುತ್ತದಂತೆ ಸುದ್ದಿ. ಅವರು ಹೊಸ ಜೋಡು ಹೊಲಿದು ತಂದರೆ ಗುಡಿಯ ಅಂಗಳಕ್ಕೆ ಬಿಡುತ್ತಿದ್ದರು. ಅಂಗಳದವರೆಗೆ. ದೇವರ ಕಾಲಿನ ಅಳತೆ ಗೊತ್ತಿದ್ದವನಿಗೆ ದೇವರ ಮನೆಯ ಹೊಸ್ತಿಲು ಗೊತ್ತಿರಕೂಡದು. ಆ ತೊಗಲ ಮೇಲೂ ಹೊಲಿಗೆಯ ಗೆರೆ ಇತ್ತಲ್ಲ, ಅದನ್ನು ಯಾರೂ ಸಂಸ್ಕೃತಿ ಅನ್ನಲಿಲ್ಲ. ಸವೆಯುವುದೇ ಅದರ ಕೆಲಸ, ಹೆಸರು ಕೊರೆಯುವುದೆಲ್ಲಿ? ನಮ್ಮಪ್ಪನೂ ಮೆಟ್ಟು ಹೊಲಿದವನೇ. ಅವನು ಹೊಲಿದ ಒಂದು ಜೊತೆಯೂ ಈಗ ಮನೆಯಲ್ಲಿಲ್ಲ.

ಇನ್ನು ಮೈಮುಚ್ಚುವ ಉಡುಪು. ಅದರ ಮೇಲೆ ಮನುಷ್ಯರೂಪ ಬೇಡ ಎಂದದ್ದಕ್ಕೆ ಹುಡುಗಿ ನಮ್ಮೂರಿನ 1220ರ ಈಶ್ವರ ಗುಡಿಯ ನಕ್ಷತ್ರದಾಕಾರದ ಮಂಟಪವನ್ನೂ ಹಳೇಬೀಡಿನ ಗೋಡೆಯ ಬಳ್ಳಿಸಾಲನ್ನೂ ಆಯ್ದುಕೊಂಡಿದ್ದಾಳೆ. ಚೆಂದವಾಗಿದೆ. ಗುಡಿಯ ಗೆರೆಯನ್ನು ಸಾಬರ ತಲೆಗೆ ಹೊದಿಸೋದಾ ಎಂದು ತಗಾದೆ ತೆಗೆಯುವವರು ಇದ್ದೇ ಇರುತ್ತಾರೆ. ಮುಸ್ಲಿಂ ಹೆಣ್ಣುಮಗಳೊಬ್ಬಳು ಅರಸೀಕೆರೆಯ ನಕ್ಷತ್ರ ಹೊದ್ದು ರೈಲು ಹತ್ತಿದರೆ ಯಾರಪ್ಪನ ಗಂಟು ಹೋಯಿತು?

ಮೈಮುಚ್ಚುವುದನ್ನು 'ಮಾನ' ಅಂತೀವಿ. ಆ ಮಾನವೂ ಎಲ್ಲರಿಗೂ ಸಿಕ್ಕಿದ್ದಲ್ಲ. ತಿರುವಾಂಕೂರಿನ ನಾಡಾರ್ ಹೆಂಗಸರು ಎದೆ ಮುಚ್ಚಿಕೊಳ್ಳಲು ದಶಕಗಳ ಕಾಲ ಬಡಿದಾಡಿ 1859ರಲ್ಲಿ ಅರಸನ ಅಪ್ಪಣೆ ಪಡೆಯಬೇಕಾಯಿತು. ಆಗಲೂ ಮೇಲುಜಾತಿಯವರ ಹಾಗೆ ಉಡಕೂಡದು ಎಂಬ ಕರಾರು! ಯಾರು ಮುಚ್ಚಬೇಕು, ಯಾರು ಬಿಚ್ಚಬೇಕು ಎಂಬುದನ್ನು ಉಡುವವಳೊಬ್ಬಳನ್ನು ಬಿಟ್ಟು ಮಿಕ್ಕವರೆಲ್ಲ ತೀರ್ಮಾನಿಸುವ ಚಾಳಿ ಹಳೆಯದು.

ಇಷ್ಟನ್ನೂ ಹುಡುಗಿಗೆ ಹೇಳಿದೆ. ಅವಳು ಸುಮ್ಮನೆ ಕೇಳಿಸಿಕೊಂಡು ಹೋದಳು. ವಾರ ಬಿಟ್ಟು ಬಂದಾಗ 'ನಮ್ಮ ಸಂಸ್ಕೃತಿ' ಮಾಯವಾಗಿತ್ತು. ಆ ಜಾಗದಲ್ಲಿ 'ಬೇಲೂರಿನ ಶಿಲ್ಪಿಗಳ ಕೆಲಸ ನೋಡಿ ಬರೆದದ್ದು' ಎಂದಿತ್ತು, ಪಕ್ಕದಲ್ಲಿ ಅವಳ ಹೆಸರು. ಸುಂದರಿಯ ಕಾಲ ಬಳಿ ಒಂದು ಜೊತೆ ಮೆಟ್ಟು, ಹೊಲಿಗೆ ಎಣಿಸುವ ಹಾಗೆ.

'ಮುಖಕ್ಕೆ ಹಚ್ಚೋದರ ಮೇಲೆ ಚಪ್ಲಿ ಯಾಕೆ ಅಂತ ವಾಪಸ್ ಕಳಿಸವ್ರೆ, ದೊಡ್ಡಪ್ಪ. ಅದೊಂದು ತೆಗೆದ್ರೆ ದುಡ್ಡು ಕೊಡ್ತಾರಂತೆ. ಮನೆ ಬಾಡಿಗೆ ಕಟ್ಬೇಕು. ತೆಗೀಲಾ?'

ನಾನಿನ್ನೂ ಅವಳಿಗೆ ಏನೂ ಹೇಳಿಲ್ಲ.