ಕಾಲಿದ್ದಷ್ಟು ಸೈಕಲ್ಲು

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಕೇಳದೆ ಬೆಳೆದವರು ನಮ್ಮಲ್ಲಿ ಯಾರಿದ್ದಾರೆ? ಕೈಮೀರಿ ಸಾಲ ಮಾಡುವವರಿಗೆ, ಸಂಬಳಕ್ಕೆ ಮೀರಿದ ಸೀರೆ ಕೊಳ್ಳುವವರಿಗೆ ಇದು ಒಳ್ಳೆಯ ಮಾತೇ. ಆದರೆ ಹೆಣ್ಣುಮಕ್ಕಳ ಮಟ್ಟಿಗೆ ಈ ಗಾದೆ ದುಡ್ಡಿನ ಲೆಕ್ಕದಲ್ಲೇ ನಿಲ್ಲುವುದಿಲ್ಲ. ಮನೆ ಇಕ್ಕಟ್ಟೇ, ಹೊಂದಿಕೋ. ಅತ್ತೆಯ ಮಾತು ಖಾರವೇ, ಹೊಂದಿಕೋ. ಕೆಲಸದ ಊರು ದೂರವೇ, ಹೊಂದಿಕೋ. ಹೊಂದಿಕೊಳ್ಳುವುದು ದೊಡ್ಡ ಗುಣವೆಂಬುದರಲ್ಲಿ ನನಗೆ ಸಂಶಯವಿಲ್ಲ. ಅದಿಲ್ಲದೆ ಸಂಸಾರವಾಗಲಿ, ನಮ್ಮ ಸ್ಟಾಫ್ ರೂಮಾಗಲಿ ಒಂದು ವಾರವೂ ನಡೆಯದು. ಆದರೆ ಅದು ಎಲ್ಲಿಯವರೆಗೆ ಗುಣ, ಎಲ್ಲಿಂದಾಚೆಗೆ ನಮಗೆ ನಾವೇ ಮಾಡಿಕೊಳ್ಳುವ ಅನ್ಯಾಯ? ಈ ಪ್ರಶ್ನೆಗೆ ನನಗೆ ಒಪ್ಪಿಗೆಯಾಗುವ ಉತ್ತರ ಸಿಕ್ಕಿದ್ದು ಸೈಕಲ್ಲಿನಲ್ಲಿ ಎಂದರೆ ನೀವು ನಗಬಹುದು.

ಸೈಕಲ್ಲಿನ ನಿಯಮ ಹಾಸಿಗೆಯ ನಿಯಮಕ್ಕೆ ವಿರುದ್ಧವಾದದ್ದು. ಅಲ್ಲಿ ಕಾಲಿಗೆ ತಕ್ಕಂತೆ ಸೈಕಲ್ಲು ಇರಬೇಕೇ ಹೊರತು ಸೈಕಲ್ಲಿಗೆ ತಕ್ಕಂತೆ ಕಾಲಲ್ಲ. ಸೀಟಿನ ಮೇಲೆ ಕುಳಿತು, ಪೆಡಲ್ ಪೂರ್ತಿ ಕೆಳಗೆ ಬಂದಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ನೆಟ್ಟಗಾಗಬೇಕು. ಆಗ ಬೆರಳುಗಳ ಹಿಂದಿನ ಭಾಗದಿಂದ ತುಳಿಯುವಾಗ ಮೊಣಕಾಲು ತುಸುವೇ ಬಾಗಿರುತ್ತದೆ. ಅದೇ ಸರಿಯಾದ ಎತ್ತರ. ಸೀಟು ತಗ್ಗಾದರೆ ಮೊಣಕಾಲಿನ ಮುಂಭಾಗ ನೋಯುತ್ತದೆ. ಎತ್ತರವಾದರೆ ಸೊಂಟ ಅತ್ತಿತ್ತ ಓಲಾಡಿ ಮೊಣಕಾಲಿನ ಹಿಂಭಾಗ ಎಳೆಯುತ್ತದೆ. ಹೊಸದಾಗಿ ಕಲಿಯುವವರು ಪಾದ ನೆಲಕ್ಕೆ ತಾಗುವಂತೆ ಸೀಟು ಇಳಿಸಿಕೊಳ್ಳುವುದು ಸರಿಯೇ. ಆದರೆ ಕಲಿತ ಮೇಲೂ ಅದನ್ನು ಏರಿಸದೆ ವರ್ಷಗಟ್ಟಲೆ ಮಂಡಿಗೆ ಎಣ್ಣೆ ತಿಕ್ಕುವವರಿದ್ದಾರೆ.

ಅಂಗಡಿಯಲ್ಲಿ ಇನ್ನೊಂದು ಗೊಂದಲವಿದೆ. "ಇದು 26 ಇಂಚಿನದು" ಎಂದು ಅಂಗಡಿಯವರು ಹೇಳುವುದು ಸಾಮಾನ್ಯವಾಗಿ ಚಕ್ರದ ಅಳತೆಯನ್ನು. ನಮಗೆ ಬೇಕಾದದ್ದು ಫ್ರೇಮಿನ ಅಳತೆ, ಅಂದರೆ ಪೆಡಲ್ ತಿರುಗುವ ಅಚ್ಚಿನ ನಡುವಿನಿಂದ ಸೀಟಿನ ಕೊಳವೆಯ ಮೇಲ್ತುದಿಯವರೆಗಿನ ಉದ್ದ. ಹಳೆಯ ಕಪ್ಪು ಗಂಡಸರ ಸೈಕಲ್ಲುಗಳಲ್ಲಿ ಚಕ್ರ 28 ಇಂಚಿನದೇ ಆದರೂ ಫ್ರೇಮು 22 ಇಂಚಿನದೂ ಇರುತ್ತಿತ್ತು, 24 ಇಂಚಿನದೂ ಇರುತ್ತಿತ್ತು. ನಮ್ಮ ಅಳತೆಯನ್ನು ಮನೆಯಲ್ಲೇ ನೋಡಿಕೊಳ್ಳಬಹುದು. ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತು, ಕಾಲುಗಳ ನಡುವೆ ಒಂದು ದಪ್ಪ ನೋಟ್‌ಬುಕ್ಕನ್ನು ಮೇಲಕ್ಕೆ ಒತ್ತಿಹಿಡಿದು, ಅದರ ಮೇಲಂಚಿನಿಂದ ನೆಲದವರೆಗೆ ಟೇಪಿನಲ್ಲಿ ಅಳೆದರೆ ಒಳಗಾಲಿನ ಉದ್ದ ಸಿಗುತ್ತದೆ. ಸೈಕಲ್ಲಿಗೆ ಬಾರ್ ಇದ್ದರೆ ಅದು ಇದಕ್ಕಿಂತ ಒಂದೆರಡು ಇಂಚು ತಗ್ಗಿನಲ್ಲಿರಬೇಕು. ಪೆಡಲಿನ ಅಚ್ಚಿನಿಂದ ಸೀಟಿನ ಮೇಲ್ಭಾಗದವರೆಗೆ ಈ ಉದ್ದದ ಸುಮಾರು 0.88 ಪಾಲು ಇರಬೇಕೆಂಬುದು ಸ್ಪರ್ಧೆಯ ಸವಾರರ ಒಂದು ಲೆಕ್ಕ. ಒಳಗಾಲು 75 ಸೆಂಟಿಮೀಟರ್ ಆದರೆ ಸೀಟು 66ಕ್ಕೆ ಬಂತು.

ಇಲ್ಲಿಯವರೆಗೆ ಬರೀ ಅಂಕಗಣಿತ. ನೀತಿಯ ಮಾತು ಇದರ ಮುಂದಿದೆ. ಸೈಕಲ್ಲಿನಲ್ಲಿ ಬದಲಾಗುವ ಭಾಗಗಳಿವೆ, ಬದಲಾಗದ ಭಾಗಗಳಿವೆ. ಸೀಟನ್ನು ಏರಿಸಬಹುದು, ಇಳಿಸಬಹುದು, ಬೆರಳಗಲ ಹಿಂದೆ ಮುಂದೆ ಸರಿಸಬಹುದು. ಬಹಳಷ್ಟು ಸೈಕಲ್ಲುಗಳಲ್ಲಿ ಹ್ಯಾಂಡಲನ್ನೂ ಎತ್ತರಿಸಬಹುದು. ಆದರೆ ಫ್ರೇಮು ಮಾತ್ರ ಬೆಸುಗೆ ಹಾಕಿದ್ದು ಹಾಕಿದಂತೆಯೇ. ಅದು ಉದ್ದವಾಗಿದ್ದರೆ ಸವಾರಳೇ ಮುಂದಕ್ಕೆ ಚಾಚಿಕೊಳ್ಳಬೇಕು. ಕುತ್ತಿಗೆ, ಭುಜ, ಅಂಗೈ ಅದರ ಬೆಲೆ ತೆರುತ್ತವೆ. ಆದ್ದರಿಂದ ಮೊದಲು ಫ್ರೇಮು ಹೊಂದಬೇಕು, ಉಳಿದದ್ದನ್ನು ಆಮೇಲೆ ಹೊಂದಿಸಿಕೊಳ್ಳಬೇಕು. ಕ್ರಮ ತಪ್ಪಿದರೆ ಎಷ್ಟು ಬೋಲ್ಟು ತಿರುಗಿಸಿದರೂ ಪ್ರಯೋಜನವಿಲ್ಲ.

ನಾನು ಹಿಂದೆ ಪಾಠ ಹೇಳುತ್ತಿದ್ದ ಶಾಲೆಗೆ ಮೂರು ಕಿಲೋಮೀಟರ್ ದೂರದ ಹಳ್ಳಿಯಿಂದ ಒಬ್ಬ ಹುಡುಗಿ ನಡೆದೇ ಬರುತ್ತಿದ್ದಳು. ಮನೆಯಲ್ಲಿ ಅಣ್ಣನ 24 ಇಂಚಿನ ಸೈಕಲ್ಲಿತ್ತು. ಅದರ ಬಾರಿನ ಅಡಿಯಿಂದ ಕಾಲು ತೂರಿಸಿ ಒಳಪೆಡಲ್ ಹೊಡೆಯಲು ಹೋಗಿ ಎರಡು ಸಲ ಬಿದ್ದಿದ್ದಳು. "ಇವಳ ಕೈಲಾಗಲ್ಲ ಬಿಡಿ ಟೀಚರ್, ಬರೀ ಪುಕ್ಕಲು" ಎಂದು ತಾಯಿ ನನ್ನೆದುರಿಗೇ ಹೇಳಿದ್ದರು. ಹುಡುಗಿಯೂ ಅದನ್ನು ನಂಬಿಬಿಟ್ಟಿದ್ದಳು. ದಸರಾ ರಜೆಗೆ ಸೋದರತ್ತೆಯ ಊರಿಗೆ ಹೋದವಳಿಗೆ ಅಲ್ಲಿ ಅತ್ತೆಯ ಮಗಳ ಚಿಕ್ಕ ಸೈಕಲ್ ಸಿಕ್ಕಿತು. ಒಂದೇ ವಾರದಲ್ಲಿ ಕಲಿತು ಬಂದಳು. "ಈಗ ಧೈರ್ಯ ಬಂತು ನೋಡಿ" ಎಂದರು ತಾಯಿ. ಧೈರ್ಯ ಮೊದಲೂ ಅಷ್ಟೇ ಇತ್ತು. ಬದಲಾದದ್ದು ಕೊಳವೆಯ ಒಂದಷ್ಟು ಇಂಚು. ಅಳತೆಯ ತಪ್ಪನ್ನು ಸ್ವಭಾವದ ತಪ್ಪೆಂದು ಕರೆಯುವುದು ನಾವು ಮಕ್ಕಳಿಗೆ, ಅದರಲ್ಲೂ ಹೆಣ್ಣುಮಕ್ಕಳಿಗೆ, ಗೊತ್ತಿಲ್ಲದೆಯೇ ಮಾಡುವ ದೊಡ್ಡ ಅನ್ಯಾಯ. ಗಣಿತದಲ್ಲಿ ದಡ್ಡಿ, ಅಡುಗೆಯಲ್ಲಿ ಒಡ್ಡಿ, ನಾಲ್ಕು ಜನರೆದುರು ಮೂಗಿ ಎಂದು ಹೆಸರಿಡುವ ಮೊದಲು ಅವಳನ್ನು ಕೂರಿಸಿದ ಸೀಟು ಯಾರ ಕಾಲಿನ ಅಳತೆಯದು ಎಂದು ಕೇಳಬೇಡವೇ?

ಸೈಕಲ್ಲಿನ ಚರಿತ್ರೆಯಲ್ಲೂ ಇದೇ ಮಾತಿದೆ. 1870ರ ದಶಕದ ಇಂಗ್ಲೆಂಡಿನಲ್ಲಿ ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟ ಚಕ್ರವಿದ್ದ ಗಾಡಿ ಚಾಲ್ತಿಯಲ್ಲಿತ್ತು. ಪೆಡಲ್ ಇದ್ದದ್ದು ಮುಂದಿನ ಚಕ್ರಕ್ಕೇ. ಚಕ್ರ ದೊಡ್ಡದಾದಷ್ಟೂ ವೇಗ ಹೆಚ್ಚು, ಆದರೆ ಎಷ್ಟು ದೊಡ್ಡದೆಂಬುದನ್ನು ನಿರ್ಧರಿಸುತ್ತಿದ್ದುದು ಸವಾರನ ಕಾಲಿನ ಉದ್ದ. ಉದ್ದ ಕಾಲಿನವನು ಹುಟ್ಟಿನಿಂದಲೇ ಗೆದ್ದಂತೆ. ಲಂಗ ತೊಟ್ಟ ಹೆಂಗಸರಿಗಂತೂ ಅದನ್ನು ಹತ್ತುವುದೇ ಕಷ್ಟವಾಗಿತ್ತು. 1885ರಲ್ಲಿ ಕವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಹಿಂದಿನ ಚಕ್ರಕ್ಕೆ ಚೈನು ಹಾಕಿದ 'ರೋವರ್' ಸೈಕಲ್ಲನ್ನು ತಂದ. ವೇಗ ಕಾಲಿನಿಂದ ಬಿಡುಗಡೆಯಾಗಿ ಹಲ್ಲುಚಕ್ರಕ್ಕೆ ಬಂತು. ಕೆಲವೇ ವರ್ಷಗಳಲ್ಲಿ ಬಾರನ್ನು ತಗ್ಗಿಸಿದ ಹೆಂಗಸರ ಸೈಕಲ್ಲೂ ಬಂತು. ಹೆಂಗಸರ ಕಾಲು ಉದ್ದವಾಗಲಿಲ್ಲ, ಧೈರ್ಯ ಒಮ್ಮೆಗೇ ಉಕ್ಕಲಿಲ್ಲ. ಗಾಡಿಯ ಆಕಾರ ಬದಲಾಯಿತು.

ಹಾಗೆಂದು ಹೆಂಗಸರಿಗೆ ಲೇಡೀಸ್ ಸೈಕಲ್ಲೇ ಸರಿ ಎಂದು ತೀರ್ಪು ಕೊಡಲು ಹೊರಟರೆ ತಮಿಳುನಾಡಿನ ಪುದುಕೋಟೆ ನಮ್ಮನ್ನು ತಡೆಯುತ್ತದೆ. 1990ರ ದಶಕದ ಆರಂಭದಲ್ಲಿ ಅಲ್ಲಿನ ಸಾಕ್ಷರತಾ ಆಂದೋಲನದ ಜೊತೆಗೇ ಸಾವಿರಾರು ಹೆಂಗಸರು ಸೈಕಲ್ ಕಲಿತರು. ಅವರಲ್ಲಿ ಕೂಲಿಯವರಿದ್ದರು, ಕಲ್ಲುಕ್ವಾರಿಯಲ್ಲಿ ದುಡಿಯುವವರಿದ್ದರು. ಪತ್ರಕರ್ತ ಪಿ. ಸಾಯಿನಾಥ್ ಅಲ್ಲಿಗೆ ಹೋಗಿ ಬರೆದ ವರದಿಯಲ್ಲಿ ಒಂದು ಸಂಗತಿಯಿದೆ. ಲೇಡೀಸ್ ಸೈಕಲ್ಲುಗಳ ಕೊರತೆಯಿಂದ ಗಂಡಸರ ಸೈಕಲ್ ಹಿಡಿದ ಹೆಂಗಸರಲ್ಲಿ ಹಲವರು ಅದನ್ನೇ ಇಷ್ಟಪಟ್ಟರಂತೆ. ಕಾರಣ, ಮುಂದಿನ ಬಾರಿನ ಮೇಲೆ ಮಗುವನ್ನು ಕೂರಿಸಿಕೊಳ್ಳಬಹುದು! ಟೇಪು ಹಿಡಿದ ಯಾರಿಗೂ ಹೊಳೆಯದ ಅಳತೆ ಇದು. ಕಾಲಿನ ಉದ್ದವೊಂದೇ ಅಲ್ಲ, ಬದುಕಿನ ಹೊರೆಯೂ ಲೆಕ್ಕಕ್ಕೆ ಬರುತ್ತದೆ. ಯಾವುದು ಹೊಂದುತ್ತದೆ ಎಂಬ ಕೊನೆಯ ಮಾತು ತುಳಿಯುವವಳದೇ ಆಗಬೇಕು.

ಎಲ್ಲವೂ ನಮ್ಮ ಅಳತೆಗೇ ಬೇಕೆಂದರೆ ಬದುಕು ಸಾಗೀತೇ ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಹೊಸ ಸೈಕಲ್ಲಿನ ಸೀಟು ಮೊದಲ ಕೆಲವು ದಿನ ಯಾರಿಗಾದರೂ ನೋವು ಕೊಡುತ್ತದೆ. ಬಿಡದೆ ತುಳಿದರೆ ಎರಡು ಮೂರು ವಾರಗಳಲ್ಲಿ ಮೈ ಪಳಗುತ್ತದೆ. ಆದರೆ ತಪ್ಪು ಎತ್ತರದ ಸೀಟಿನಿಂದ ಬಂದ ಮಂಡಿನೋವು ಹಾಗಲ್ಲ. ತುಳಿದಷ್ಟೂ ಹೆಚ್ಚುತ್ತದೆ. ನನಗೆ ಸಿಕ್ಕ ಉತ್ತರ ಇದೇ. ದಿನ ಕಳೆದಂತೆ ಇಳಿಯುವ ನೋವು ಕಲಿಕೆಯದು, ಅದಕ್ಕೆ ಹೊಂದಿಕೊಳ್ಳಬೇಕು. ದಿನ ಕಳೆದಂತೆ ಏರುವ ನೋವು ಅಳತೆಯದು, ಅದಕ್ಕೆ ಹೊಂದಿಕೊಳ್ಳುವುದು ತಾಳ್ಮೆಯಲ್ಲ. ಹೊಸ ಊರು, ಹೊಸ ಮನೆ, ಹೊಸ ಕೆಲಸ ಯಾವುದಕ್ಕಾದರೂ ಈ ಪರೀಕ್ಷೆ ಸಾಕು. ಆರು ತಿಂಗಳ ಹಿಂದೆ ನೋಯುತ್ತಿದ್ದದ್ದು ಈಗ ಕಡಿಮೆ ನೋಯುತ್ತಿದೆಯೋ, ಹೆಚ್ಚು ನೋಯುತ್ತಿದೆಯೋ?

ಎಲ್ಲರಿಗೂ ಫ್ರೇಮು ಬದಲಿಸುವ ಶಕ್ತಿ ಇರುವುದಿಲ್ಲ ನಿಜ. ಅಣ್ಣನ ಸೈಕಲ್ಲೇ ಗತಿ ಎನ್ನುವ ಮನೆಗಳು ಇಂದಿಗೂ ಇವೆ. ಅಂಥಲ್ಲಿಯೂ ಸೀಟನ್ನಾದರೂ ಸರಿಮಾಡಿ ಕೊಡಬಹುದು, ಬಿದ್ದವಳನ್ನು ಪುಕ್ಕಲು ಎನ್ನದಿರಬಹುದು. ಮಗಳು ಬಂದು ಮಂಡಿ ನೋಯುತ್ತದೆ ಎಂದಾಗ "ಸ್ವಲ್ಪ ಹೊಂದಿಕೋ" ಎನ್ನುವ ಮುಂಚೆ ಹೊರಗೆ ಹೋಗಿ ಅವಳ ಸೈಕಲ್ಲನ್ನು ಒಮ್ಮೆ ನೋಡೋಣ. ಸ್ಪ್ಯಾನರಿನ ಕೆಲಸ ಐದು ನಿಮಿಷದ್ದು.